ಮಾನಿಟರ್ ರಿಫ್ರೆಶ್ ರೇಟ್: ಗೇಮ್, ಸಿನಿಮಾ ನಯವಾಗಿ ಓಡಲು ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮಾನಿಟರ್ ತಂದವರು, ಗೇಮ್ ಯಾಕೋ ತಡವರಿಸುತ್ತಿದೆ ಅನ್ನುವವರು, ಸಿನಿಮಾ ನೋಡುವಾಗ ಚಿತ್ರ ಜರ್ಕ್ ಹೊಡೆಯುತ್ತದೆ ಅನ್ನುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಡಬ್ಬದ ಮೇಲೆ ಬರೆದ ದೊಡ್ಡ ಸಂಖ್ಯೆಗಿಂತ ತಾಳ ಮುಖ್ಯ. ಫ್ರೇಮ್‌ಗಳು, ಅಂದರೆ ಒಂದಾದ ಮೇಲೊಂದು ಬರುವ ಬಿಡಿ ಚಿತ್ರಗಳು, ಸಮನಾದ ಅಂತರದಲ್ಲಿ ಬಂದರೆ 60 ಹರ್ಟ್ಜ್ ಕೂಡ ಕಣ್ಣಿಗೆ ಹಿತ. ತಾಳ ತಪ್ಪಿದರೆ 240 ಹರ್ಟ್ಜ್ ಇದ್ದರೂ ಒರಟೇ. ಕೆಳಗಿನ ಉತ್ತರಗಳೆಲ್ಲ ಇದರ ಸುತ್ತಲೇ ಸುತ್ತುತ್ತವೆ.

ರಿಫ್ರೆಶ್ ರೇಟ್, ಎಫ್‌ಪಿಎಸ್ ಎರಡೂ ಒಂದೇ ಅಲ್ವಾ?

ಅಲ್ಲ. ಅರ್ಧ ಗೊಂದಲ ಹುಟ್ಟುವುದೇ ಇಲ್ಲಿಂದ. ಮಾನಿಟರ್ ಒಂದು ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಹೊಸದಾಗಿ ಬರೆಯುತ್ತದೆ ಅನ್ನುವುದು ರಿಫ್ರೆಶ್ ರೇಟ್. ಅದರ ಅಳತೆ ಹರ್ಟ್ಜ್. ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಎಷ್ಟು ಫ್ರೇಮ್ ತಯಾರಿಸಿ ಕೊಡುತ್ತದೆ, ಅಥವಾ ವಿಡಿಯೊ ಫೈಲಿನಲ್ಲಿ ಸೆಕೆಂಡಿಗೆ ಎಷ್ಟು ಫ್ರೇಮ್ ಇವೆ ಅನ್ನುವುದು ಎಫ್‌ಪಿಎಸ್. ಕೊಡುವವರು ಒಬ್ಬರು, ತೋರಿಸುವವರು ಇನ್ನೊಬ್ಬರು. ಇಬ್ಬರ ಹೆಜ್ಜೆ ಕೂಡದಿದ್ದಾಗ ತೊಂದರೆ ಶುರುವಾಗುತ್ತದೆ.

ಹರ್ಟ್ಜ್ ಬದಲು ಮಿಲಿಸೆಕೆಂಡ್‌ನಲ್ಲಿ ಯೋಚಿಸುವುದನ್ನು ರೂಢಿ ಮಾಡಿಕೊಳ್ಳಿ. ಬೇಗ ಅರ್ಥವಾಗುತ್ತದೆ. 60 ಹರ್ಟ್ಜ್ ಅಂದರೆ ಒಂದು ಚಿತ್ರ 16.67 ಮಿಲಿಸೆಕೆಂಡ್ ನಿಲ್ಲುತ್ತದೆ. 120ರಲ್ಲಿ 8.33, 144ರಲ್ಲಿ 6.94, 240ರಲ್ಲಿ 4.17. ಈಗ ನೋಡಿ, 60ರಿಂದ 120ಕ್ಕೆ ಹೋದರೆ ಪ್ರತಿ ಫ್ರೇಮಿಗೆ 8 ಮಿಲಿಸೆಕೆಂಡಿಗಿಂತ ಜಾಸ್ತಿ ಉಳಿಯುತ್ತದೆ. 120ರಿಂದ 240ಕ್ಕೆ ಹೋದರೆ ಉಳಿಯುವುದು 4 ಚಿಲ್ಲರೆ. 240ರಿಂದ 360ಕ್ಕೆ ಹೋದರೆ ಬರೀ 1.4. ಮೊದಲ ಜಿಗಿತ ಎಲ್ಲರ ಕಣ್ಣಿಗೂ ಬೀಳುತ್ತದೆ, ಆಮೇಲಿನದಕ್ಕೆ ಹುಡುಕಬೇಕಾಗುತ್ತದೆ. ಯಾಕೆ ಅನ್ನುವುದು ಈ ಲೆಕ್ಕದಲ್ಲೇ ಇದೆ.

144 ಹರ್ಟ್ಜ್ ಮಾನಿಟರ್ ತಂದೆ. ಹಳೆಯದಕ್ಕೂ ಇದಕ್ಕೂ ವ್ಯತ್ಯಾಸವೇ ಕಾಣುತ್ತಿಲ್ಲ. ಯಾಕೆ?

ಹತ್ತರಲ್ಲಿ ಹೆಚ್ಚಿನ ಸಲ ಕಾರಣ ಒಂದೇ: ಅದು ಇನ್ನೂ 60ರಲ್ಲೇ ಓಡುತ್ತಿರುತ್ತದೆ. ಮಾನಿಟರ್ ಜೋಡಿಸಿದ ತಕ್ಷಣ ಕಂಪ್ಯೂಟರ್ ತಾನಾಗಿಯೇ ಜಾಸ್ತಿ ವೇಗ ಆರಿಸಿಕೊಳ್ಳುತ್ತದೆ ಅಂತ ನಂಬಬೇಡಿ. ನನ್ನ ಗೆಳೆಯನೊಬ್ಬ ತಿಂಗಳುಗಟ್ಟಲೆ ಹೀಗೇ ಆಡಿದ್ದ. ಒಂದು ಸಂಜೆ ಅವನ ಮೇಜಿನ ಮುಂದೆ ಕೂತು ಮೌಸ್ ಅಲ್ಲಾಡಿಸಿದ ಕೂಡಲೇ ನನಗೆ ಅನುಮಾನ ಬಂತು.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇ ಅಂತ ಒಳಗೆ ಹೋಗಿ. ಅಲ್ಲಿ ರಿಫ್ರೆಶ್ ರೇಟ್ ಆರಿಸುವ ಪಟ್ಟಿ ಸಿಗುತ್ತದೆ. ಎರಡು ಸ್ಕ್ರೀನ್ ಇದ್ದರೆ ಮೇಲ್ಗಡೆ ಸರಿಯಾದ ಮಾನಿಟರ್ ಆರಿಸಿದ್ದೀರಾ ನೋಡಿಕೊಳ್ಳಿ. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್ ಒಳಗಿನ ಡಿಸ್‌ಪ್ಲೇಸ್‌ನಲ್ಲಿದೆ. ಲಿನಕ್ಸ್‌ನ ಗ್ನೋಮ್, ಕೆಡಿಇ ಎರಡರಲ್ಲೂ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲೇ ಇರುತ್ತದೆ. ಇಷ್ಟಾದ ಮೇಲೆ ಗೇಮ್ ಒಳಗಿನ ಗ್ರಾಫಿಕ್ಸ್ ಮೆನುವನ್ನೂ ಒಮ್ಮೆ ತೆರೆದು ನೋಡಿ. ಕೆಲವು ಗೇಮ್‌ಗಳು ಫುಲ್‌ಸ್ಕ್ರೀನ್‌ಗೆ ಹೋದಾಗ ತಮ್ಮದೇ ರಿಫ್ರೆಶ್ ರೇಟ್ ಹಾಕಿಕೊಳ್ಳುತ್ತವೆ. ಅಲ್ಲಿ 60 ಅಂತಲೇ ಉಳಿದಿರಬಹುದು.

ಮೌಸ್ ಪರೀಕ್ಷೆ ಹೀಗೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಬಾಣವನ್ನು ಎಡದಿಂದ ಬಲಕ್ಕೆ ಜೋರಾಗಿ ಎಳೆಯಿರಿ. ಬಾಣ ಒಂದೇ ಗೆರೆಯಾಗಿ ಕಾಣುವುದಿಲ್ಲ. ಬಿಡಿಬಿಡಿ ಬಾಣಗಳ ಸಾಲಾಗಿ ಕಾಣುತ್ತದೆ. 60ರಲ್ಲಿ ಆ ಬಾಣಗಳ ನಡುವೆ ದೊಡ್ಡ ಸಂದು ಇರುತ್ತದೆ. 144ಕ್ಕೆ ಬದಲಿಸಿ ಅಷ್ಟೇ ಜೋರಾಗಿ ಎಳೆದರೆ ಸಂದು ಅರ್ಧಕ್ಕಿಂತ ಕಿರಿದಾಗಿ ಬಾಣಗಳು ಒತ್ತೊತ್ತಾಗಿ ಕೂರುತ್ತವೆ. ಯಾವ ಸಾಫ್ಟ್‌ವೇರೂ ಬೇಡ.

ಪಟ್ಟಿಯಲ್ಲಿ 144 ಅಂತ ಬರುವುದೇ ಇಲ್ಲ. ಏನು ಮಾಡಲಿ?

ಮೊದಲು ಕೇಬಲ್ ಎಲ್ಲಿಗೆ ಚುಚ್ಚಿದೆ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಕೇಬಲ್ ಆ ಕಾರ್ಡಿನ ಪೋರ್ಟಿಗೇ ಹೋಗಬೇಕು, ಮದರ್‌ಬೋರ್ಡಿನ ಪೋರ್ಟಿಗಲ್ಲ. ಈ ತಪ್ಪು ತುಂಬಾ ಜನ ಮಾಡುತ್ತಾರೆ.

ಆಮೇಲೆ ಕೇಬಲ್ ಮತ್ತು ಪೋರ್ಟಿನ ಸಾಮರ್ಥ್ಯ. ರೆಸಲ್ಯೂಶನ್ ಮತ್ತು ಹರ್ಟ್ಜ್ ಎರಡೂ ಏರಿದಷ್ಟೂ ತಂತಿಯಲ್ಲಿ ಹರಿಯಬೇಕಾದ ಡೇಟಾ ಏರುತ್ತದೆ. ಎಚ್‌ಡಿಎಂಐ 1.4ರ ಮಿತಿ ಸೆಕೆಂಡಿಗೆ 10.2 ಗಿಗಾಬಿಟ್. ಅದರಲ್ಲಿ 4ಕೆ ಚಿತ್ರ 30 ಹರ್ಟ್ಜ್‌ಗೇ ಸುಸ್ತು. ಎಚ್‌ಡಿಎಂಐ 2.0ಕ್ಕೆ 18 ಗಿಗಾಬಿಟ್, ಅಂದರೆ 4ಕೆ 60 ಅಥವಾ 1440ಪಿ 144 ನಡೆಯುತ್ತದೆ. ಎಚ್‌ಡಿಎಂಐ 2.1 ಅದನ್ನು 48ಕ್ಕೆ ಏರಿಸಿತು. ಡಿಸ್‌ಪ್ಲೇಪೋರ್ಟ್ 1.2ಕ್ಕೆ 21.6, 1.4ಕ್ಕೆ 32.4. ಕಂಪ್ರೆಶನ್ ಇಲ್ಲದೆಯೇ ಡಿಸ್‌ಪ್ಲೇಪೋರ್ಟ್ 1.4 ಮೂಲಕ 4ಕೆ 120 ಸಿಗುತ್ತದೆ. ಇನ್ನೊಂದು ವಿಷಯ, ಮಾನಿಟರಿನ ಎಲ್ಲ ಪೋರ್ಟುಗಳೂ ಒಂದೇ ಅಲ್ಲ. ಡಿಸ್‌ಪ್ಲೇಪೋರ್ಟ್‌ನಲ್ಲಿ 144 ಕೊಡುವ ಮಾನಿಟರ್ ತನ್ನ ಎಚ್‌ಡಿಎಂಐನಲ್ಲಿ ಅದಕ್ಕಿಂತ ಕಡಿಮೆಗೇ ನಿಲ್ಲುವುದುಂಟು. ಮ್ಯಾನುಯಲ್‌ನಲ್ಲಿ ಪೋರ್ಟ್‌ವಾರು ಬರೆದಿರುತ್ತಾರೆ, ಓದಿ.

ಕೇಬಲ್ ವಿಷಯದಲ್ಲಿ ನನಗೊಂದು ಕಹಿ ಅನುಭವ ಇದೆ. ಕವರ್ ಮೇಲೆ ಜೋರಾಗಿ 8ಕೆ ಅಂತ ಅಚ್ಚು ಹಾಕಿದ್ದ ಕೇಬಲ್ ತಂದಿದ್ದೆ. 120 ಹರ್ಟ್ಜ್‌ಗೆ ಹಾಕಿದರೆ ಸ್ಕ್ರೀನ್ ಕೆಲವು ನಿಮಿಷಕ್ಕೊಮ್ಮೆ ಒಂದು ಕ್ಷಣ ಕಪ್ಪಾಗಿ ಮತ್ತೆ ಬರುತ್ತಿತ್ತು. ಗ್ರಾಫಿಕ್ಸ್ ಕಾರ್ಡನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್ ಬದಲಿಸಿದೆ, ವಿಂಡೋಸ್ ಮತ್ತೆ ಹಾಕಿದೆ, ಎರಡು ದಿನ ಹೋಯಿತು. ಕೊನೆಗೆ ಮಾನಿಟರ್ ಜತೆ ಡಬ್ಬದಲ್ಲಿ ಬಂದಿದ್ದ ಕೇಬಲ್ ಹಾಕಿದೆ, ಕಪ್ಪಾಗುವುದು ನಿಂತಿತು. ಹೀಗೆ ಚಿತ್ರ ಆಗಾಗ ಹೋಗಿ ಬರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ, ಮಿಕ್ಕಿದ್ದೆಲ್ಲ ಆಮೇಲೆ. ಉದ್ದ ಕಡಿಮೆ ಇದ್ದಷ್ಟೂ ಒಳ್ಳೆಯದು.

ಪಟ್ಟಿಯಲ್ಲಿ 59.94 ಮತ್ತು 60 ಎರಡೂ ಇವೆ. ಯಾವುದು ಸರಿ?

ಗೇಮ್‌ಗೆ ಯಾವುದಾದರೂ ಸರಿ. ವಿಡಿಯೊಗೆ ಸ್ವಲ್ಪ ಯೋಚಿಸಬೇಕು. ಈ ವಿಚಿತ್ರ ಸಂಖ್ಯೆ ಬಂದದ್ದು 1953ರಲ್ಲಿ. ಅಮೆರಿಕದ ಎನ್‌ಟಿಎಸ್‌ಸಿ ಟಿವಿಗೆ ಬಣ್ಣ ಸೇರಿಸುವಾಗ ಬಣ್ಣದ ಸಿಗ್ನಲ್ ಧ್ವನಿಯ ಸಿಗ್ನಲ್‌ಗೆ ಅಡ್ಡ ಬರಬಾರದು ಅಂತ ವೇಗವನ್ನು ಸಾವಿರಕ್ಕೆ ಒಂದರಷ್ಟು ತಗ್ಗಿಸಿದರು. 60 ಹೋಗಿ 59.94 ಆಯಿತು, 30 ಹೋಗಿ 29.97, ಮತ್ತು 24ರ ಸಿನಿಮಾ ಟಿವಿಗೆ ಬಂದಾಗ 23.976. ಆ ಲೆಕ್ಕ ಇವತ್ತಿನ ಡಿಜಿಟಲ್ ಫೈಲುಗಳಲ್ಲೂ ಉಳಿದುಕೊಂಡಿದೆ.

59.94ರ ವಿಡಿಯೊವನ್ನು ಸರಿಯಾಗಿ 60ರಲ್ಲಿ ನೋಡಿದರೆ ಸುಮಾರು 16.7 ಸೆಕೆಂಡಿಗೆ ಒಂದು ಫ್ರೇಮ್ ಎರಡು ಸಲ ಕಾಣುತ್ತದೆ. ಅಷ್ಟೇ. ಕ್ರೀಡೆ ನೋಡುವಾಗ ಕ್ಯಾಮೆರಾ ಮೈದಾನದ ಉದ್ದಕ್ಕೂ ತಿರುಗುತ್ತಿದ್ದರೆ ಆ ಒಂದು ಸಣ್ಣ ಮುಗ್ಗರಿಕೆ ಕೆಲವರಿಗೆ ತಿಳಿಯುತ್ತದೆ. ನಿಮಗೆ ತಿಳಿಯದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಗೇಮ್ ಚೆನ್ನಾಗಿ ಓಡುತ್ತದೆ, ಸಿನಿಮಾ ಮಾತ್ರ ಕುಂಟುತ್ತದೆ. ಇದೇನು?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು, ಯಾಕಂದ್ರೆ ಇದರ ಪರಿಹಾರ ಹೆಚ್ಚಾಗಿ ಪುಕ್ಕಟೆ.

1920ರ ದಶಕದ ಕೊನೆಯಲ್ಲಿ ಮಾತಿನ ಸಿನಿಮಾ ಬಂದಾಗ ಸೆಕೆಂಡಿಗೆ 24 ಫ್ರೇಮ್ ಅನ್ನುವುದು ನೆಲೆ ನಿಂತಿತು. ಇವತ್ತಿಗೂ ಹೆಚ್ಚಿನ ಸಿನಿಮಾ ಅದೇ ವೇಗದ್ದು. ಒಂದು ಫ್ರೇಮ್ 41.67 ಮಿಲಿಸೆಕೆಂಡ್ ನಿಲ್ಲಬೇಕು. ಆದರೆ ನಿಮ್ಮ ಮಾನಿಟರ್ 60ರದ್ದು. 60ನ್ನು 24ರಿಂದ ಭಾಗಿಸಿದರೆ ಎರಡೂವರೆ ಬರುತ್ತದೆ. ಅರ್ಧ ಸಲ ಚಿತ್ರ ತೋರಿಸಲು ಆಗುವುದಿಲ್ಲವಲ್ಲ? ಹಾಗಾಗಿ ಒಂದು ಫ್ರೇಮ್ ಎರಡು ಸಲ, ಮುಂದಿನದು ಮೂರು ಸಲ, ಮತ್ತೆ ಎರಡು, ಮತ್ತೆ ಮೂರು. ಒಂದು ಫ್ರೇಮ್ 33 ಮಿಲಿಸೆಕೆಂಡ್ ನಿಂತರೆ ಪಕ್ಕದ್ದು 50 ನಿಲ್ಲುತ್ತದೆ. ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ ಇದ್ದವರು ನಡೆದ ಹಾಗೆ. ನೀವು ಕುಂಟುತ್ತದೆ ಅಂದದ್ದು ಸರಿಯಾದ ಮಾತೇ. ಇದಕ್ಕೆ ಜಡ್ಡರ್ ಅನ್ನುತ್ತಾರೆ.

ಇದನ್ನು ಹಿಡಿಯಲು ಸುಲಭವಾದ ಜಾಗ ಸಿನಿಮಾದ ಕೊನೆ. ಎಲ್ಲರೂ ಎದ್ದು ಹೋಗುವ ಹೊತ್ತಿನಲ್ಲಿ ಕಪ್ಪು ಪರದೆಯ ಮೇಲೆ ಬಿಳಿ ಹೆಸರುಗಳು ಮೇಲಕ್ಕೆ ಸರಿಯುತ್ತವಲ್ಲ, ಅದರಲ್ಲಿ ಒಂದೇ ಹೆಸರನ್ನು ಆರಿಸಿ ಕಣ್ಣಿನಲ್ಲೇ ಹಿಂಬಾಲಿಸಿ. 60ರಲ್ಲಿ ಅಕ್ಷರದ ಅಂಚು ನಡುಗುತ್ತಾ, ತಡೆದು ತಡೆದು ಏರುತ್ತದೆ. ಈಗ ಮಾನಿಟರ್ 120ಕ್ಕೆ ಹಾಕಿ ಅದೇ ಹೆಸರನ್ನು ಮತ್ತೆ ನೋಡಿ. 24 ಐದಲೇ 120. ಪ್ರತಿ ಫ್ರೇಮೂ ಸರಿಯಾಗಿ ಐದೈದು ಸಲ. 24 ಫ್ರೇಮಿನ ಸಹಜ ಮಿಡಿತ ಉಳಿದೇ ಇರುತ್ತದೆ, ಆದರೆ ಆ ಮಿಡಿತ ಈಗ ಒಂದೇ ಸಮ. ನಾನು ಮೊದಲ ಸಲ ಹೀಗೆ ಹೋಲಿಸಿ ನೋಡಿದಾಗ, ಇಷ್ಟು ವರ್ಷ ಸಿನಿಮಾದ್ದೇ ದೋಷ ಅಂದುಕೊಂಡಿದ್ದು ತಪ್ಪು ಅಂತ ಗೊತ್ತಾಯಿತು.

ಹಾಗಾದರೆ ವಿಡಿಯೊಗೆ 144ಕ್ಕಿಂತ 120 ಒಳ್ಳೆಯದೇ?

ಎಲ್ಲ ಥರದ ವಿಡಿಯೊ ನೋಡುವವರಿಗೆ ಹೌದು. 120ನ್ನು 24, 30, 60 ಮೂರೂ ಶೇಷ ಉಳಿಸದೆ ಭಾಗಿಸುತ್ತವೆ. 144ರಲ್ಲಿ 24 ಆರು ಸಲ ಕೂರುತ್ತದೆ, ಸಿನಿಮಾಕ್ಕೆ ಚೆನ್ನ. ಆದರೆ 30ಕ್ಕೆ 4.8, 60ಕ್ಕೆ 2.4 ಬರುತ್ತದೆ, ಅಲ್ಲಿ ತಾಳ ತಪ್ಪುತ್ತದೆ. 165ರಲ್ಲಿ 24ಕ್ಕೂ 60ಕ್ಕೂ ಜಾಗ ಇಲ್ಲ. 240 ಇದ್ದರೆ 120ರ ಗುಣವೆಲ್ಲ ಅದಕ್ಕೂ ಇದೆ. ಆದ್ದರಿಂದ 144 ಅಥವಾ 165ರ ಮಾನಿಟರ್ ಇದ್ದವರು ದಿನದ ಕೆಲಸಕ್ಕೆ, ವಿಡಿಯೊಗೆ 120ರಲ್ಲಿ ಇಟ್ಟು, ಆಡುವಾಗ ಮಾತ್ರ ಮೇಲಕ್ಕೆ ಏರಿಸಿದರೆ ಏನೂ ನಷ್ಟವಿಲ್ಲ. ನಾನೂ ಹಾಗೇ ಇಟ್ಟುಕೊಂಡಿದ್ದೇನೆ.

25 ಅಥವಾ 50 ಫ್ರೇಮಿನ ವಿಡಿಯೊ ಪ್ರತ್ಯೇಕ. ಪಾಲ್ ಅನ್ನುವ ಟಿವಿ ಪ್ರಸಾರ ಪದ್ಧತಿಯ ದೇಶಗಳ ಟಿವಿ ಕಾರ್ಯಕ್ರಮಗಳು ಈ ವೇಗದಲ್ಲಿ ಇರುತ್ತವೆ. ಅವಕ್ಕೆ 50 ಅಥವಾ 100 ಹರ್ಟ್ಜ್ ಬೇಕು.

ಪ್ರತಿ ಸಲ ಕೈಯಲ್ಲೇ ಬದಲಿಸಬೇಕೇ?

ಬೇಡ. ಒಳ್ಳೆಯ ಪ್ಲೇಯರ್‌ಗಳು ತಾವೇ ಬದಲಿಸುತ್ತವೆ. ಎಂಪಿಸಿ-ಎಚ್‌ಸಿಯಲ್ಲಿ ಫುಲ್‌ಸ್ಕ್ರೀನ್ ಸೆಟ್ಟಿಂಗ್ ಒಳಗೆ ಮಾನಿಟರ್ ಮೋಡ್ ತಾನಾಗಿ ಬದಲಾಗುವ ಆಯ್ಕೆ ಇದೆ. ಯಾವ ಫ್ರೇಮ್ ರೇಟ್‌ಗೆ ಯಾವ ಹರ್ಟ್ಜ್ ಅಂತ ಅಲ್ಲೇ ಪಟ್ಟಿ ಮಾಡಬಹುದು. ಕೋಡಿಯಲ್ಲಿ ಡಿಸ್‌ಪ್ಲೇ ರಿಫ್ರೆಶ್ ರೇಟ್ ಹೊಂದಿಸುವ ಆಯ್ಕೆ ಪ್ಲೇಯರ್ ಸೆಟ್ಟಿಂಗ್‌ನ ವಿಡಿಯೊ ಭಾಗದಲ್ಲಿದೆ. ವಿಡಿಯೊ ಶುರುವಾದಾಗ ಬದಲಾಗಿ, ನಿಂತಾಗ ಮೊದಲಿನಂತಾಗುತ್ತದೆ.

ಎಂಪಿವಿಯ ದಾರಿ ಬೇರೆ, ನನಗೆ ಅದೇ ಹೆಚ್ಚು ಮೆಚ್ಚುಗೆ. ವಿಡಿಯೊ-ಸಿಂಕ್ ಅನ್ನುವ ಆಯ್ಕೆಯನ್ನು ಡಿಸ್‌ಪ್ಲೇ-ರೀಸ್ಯಾಂಪಲ್ ಅಂತ ಇಟ್ಟರೆ ಅದು ವಿಡಿಯೊದ ವೇಗವನ್ನೇ ಮಾನಿಟರಿಗೆ ಸರಿಯಾಗಿ ಒಂದೆಳೆ ಬದಲಿಸುತ್ತದೆ, ಧ್ವನಿಯನ್ನೂ ಅಷ್ಟೇ ಹೊಂದಿಸುತ್ತದೆ. 23.976ರ ಸಿನಿಮಾ 120ರ ಮಾನಿಟರಿನಲ್ಲಿ 24ರ ವೇಗದಲ್ಲಿ ಓಡುತ್ತದೆ. ಸಾವಿರಕ್ಕೆ ಒಂದರಷ್ಟು ವ್ಯತ್ಯಾಸ ಯಾರ ಕಿವಿಗೂ ಬೀಳುವುದಿಲ್ಲ. ಹೀಗೆ ಮಾಡದಿದ್ದರೆ 24ರ ತಾಳಕ್ಕೂ 23.976ಕ್ಕೂ ಸುಮಾರು 42 ಸೆಕೆಂಡಿಗೆ ಒಂದು ಫ್ರೇಮಿನಷ್ಟು ಅಂತರ ಬೀಳುತ್ತಾ ಹೋಗುತ್ತದೆ.

ಯೂಟ್ಯೂಬ್‌ಗೆ ಏನು ಮಾಡಬಹುದು?

ಬ್ರೌಸರ್ ಸಾಮಾನ್ಯವಾಗಿ ಮಾನಿಟರಿನ ಹರ್ಟ್ಜ್ ಬದಲಿಸುವುದಿಲ್ಲ. ಇಡೀ ಸ್ಕ್ರೀನನ್ನು 120ರಲ್ಲಿ ಇಡುವುದೇ ಸುಲಭದ ದಾರಿ. ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಆರಿಸಿ. ವಿಡಿಯೊ ಎಷ್ಟು ಎಫ್‌ಪಿಎಸ್, ಎಷ್ಟು ಫ್ರೇಮ್ ಬಿಟ್ಟುಹೋಗಿವೆ ಎರಡೂ ಕಾಣುತ್ತವೆ. ಬಿಟ್ಟುಹೋದ ಫ್ರೇಮಿನ ಲೆಕ್ಕ ಏರುತ್ತಲೇ ಇದ್ದರೆ ಹರ್ಟ್ಜ್ ಮುಟ್ಟಬೇಡಿ. ಅದು ವಿಡಿಯೊವನ್ನು ಬಿಡಿಸಿ ಚಿತ್ರವಾಗಿಸುವ, ಅಂದರೆ ಡಿಕೋಡ್ ಮಾಡುವ ಶಕ್ತಿಯ ಕೊರತೆ. ಬ್ರೌಸರಿನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಆನ್ ಇದೆಯಾ ನೋಡಿ, ಇಲ್ಲವೇ ವಿಡಿಯೊ ಗುಣಮಟ್ಟ ಒಂದು ಮೆಟ್ಟಿಲು ಇಳಿಸಿ.

ಟಿವಿಯಲ್ಲಿ ಮೋಶನ್ ಸ್ಮೂತಿಂಗ್ ಇದೆ. ಅದನ್ನೇ ಹಾಕಿದರೆ ಸಾಲದೇ?

ಅದು ಎರಡು ಫ್ರೇಮಿನ ನಡುವೆ ತಾನೇ ಹೊಸ ಫ್ರೇಮ್ ಊಹಿಸಿ ಸೇರಿಸುತ್ತದೆ. ಸಿನಿಮಾ ಧಾರಾವಾಹಿಯ ಥರ ಕಾಣತೊಡಗುತ್ತದೆ. ಇಷ್ಟ ಆದರೆ ಇಟ್ಟುಕೊಳ್ಳಿ, ರುಚಿಯ ಪ್ರಶ್ನೆ. ಗೇಮ್ ಆಡುವಾಗ ಮಾತ್ರ ಖಂಡಿತ ತೆಗೆಯಿರಿ. ಬಟನ್ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ತುಂಬಾ ತಡವಾಗುತ್ತದೆ. ಟಿವಿಯ ಗೇಮ್ ಮೋಡ್ ಆರಿಸಿದರೆ ಸಾಮಾನ್ಯವಾಗಿ ಇದು ತಾನಾಗಿ ಹೋಗುತ್ತದೆ.

ಗೇಮಿನಲ್ಲಿ ಚಿತ್ರ ಅಡ್ಡಕ್ಕೆ ಹರಿದ ಹಾಗೆ ಕಾಣುತ್ತದೆ. ವಿ-ಸಿಂಕ್ ಹಾಕಿದರೆ ಹೋಗುತ್ತದೆ, ಆದರೆ ಮೌಸ್ ಭಾರ ಅನಿಸುತ್ತದೆ. ನಡುವೆ ದಾರಿ ಇಲ್ಲವೇ?

ಇದೆ. ಮೊದಲು ಕಾರಣ ನೋಡೋಣ. ಮಾನಿಟರ್ ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಚಿತ್ರ ಬರೆಯುತ್ತದೆ. ಅರ್ಧ ಬರೆಯುವಷ್ಟರಲ್ಲಿ ಗ್ರಾಫಿಕ್ಸ್ ಕಾರ್ಡ್ ಹೊಸ ಫ್ರೇಮ್ ತಂದು ಕೊಟ್ಟರೆ ಮೇಲರ್ಧ ಹಳೆಯದು, ಕೆಳಗರ್ಧ ಹೊಸದು. ಆ ಅಡ್ಡ ಗೆರೆಯೇ ಟೇರಿಂಗ್. ವಿ-ಸಿಂಕ್ ಕಾರ್ಡನ್ನು ತಡೆದು ನಿಲ್ಲಿಸುತ್ತದೆ: ಮಾನಿಟರ್ ಮುಗಿಸಲಿ, ಆಮೇಲೆ ಕೊಡು ಅಂತ. ಹರಿಯುವುದು ನಿಲ್ಲುತ್ತದೆ, ಆದರೆ ಫ್ರೇಮ್‌ಗಳು ಸರದಿಯಲ್ಲಿ ಕಾಯುತ್ತವೆ. ನಿಮ್ಮ ಕೈ ಮಾಡಿದ್ದು ತಡವಾಗಿ ಕಾಣುತ್ತದೆ. ಇನ್ನೂ ಒಂದು ತೊಂದರೆ ಇದೆ. 60 ಹರ್ಟ್ಜ್‌ನಲ್ಲಿ ಒಂದು ಫ್ರೇಮ್ 16.67ರ ಬದಲು 17 ಮಿಲಿಸೆಕೆಂಡ್ ತೆಗೆದುಕೊಂಡರೂ ಮುಂದಿನ ಸುತ್ತಿಗೆ ಕಾಯಬೇಕು. ಆ ಫ್ರೇಮ್ 33 ಮಿಲಿಸೆಕೆಂಡ್ ಆಗಿಬಿಡುತ್ತದೆ. ಕೂದಲೆಳೆಯ ಅಂತರದಲ್ಲಿ ಬಸ್ಸು ತಪ್ಪಿದ ಹಾಗೆ.

ನಡುವಿನ ದಾರಿ ಅಂದರೆ ವಿಆರ್‌ಆರ್, ಬದಲಾಗುವ ರಿಫ್ರೆಶ್ ರೇಟ್. ಇಲ್ಲಿ ಕಾಯುವ ಕೆಲಸ ಮಾನಿಟರಿಗೆ. ಫ್ರೇಮ್ ತಯಾರಾದ ಕೂಡಲೇ ಅದು ತೋರಿಸುತ್ತದೆ. ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ಘೋಷಿಸಿತು. ಮರುವರ್ಷ ಡಿಸ್‌ಪ್ಲೇ ಮಾನದಂಡಗಳನ್ನು ರೂಪಿಸುವ ವೆಸಾ (VESA) ಸಂಸ್ಥೆ ಅಡಾಪ್ಟಿವ್-ಸಿಂಕ್ ಅನ್ನು ಡಿಸ್‌ಪ್ಲೇಪೋರ್ಟ್ 1.2ಎಗೆ ಸೇರಿಸಿತು. ಎಎಂಡಿಯ ಫ್ರೀಸಿಂಕ್ ನಿಂತಿರುವುದು ಅದರ ಮೇಲೆ. 2019ರ ಜನವರಿಯಲ್ಲಿ ಎನ್‌ವಿಡಿಯಾ ಕೂಡ ಅಡಾಪ್ಟಿವ್-ಸಿಂಕ್ ಮಾನಿಟರ್‌ಗಳಿಗೆ ಬಾಗಿಲು ತೆರೆಯಿತು. ಹಾಗಾಗಿ ಈಗ ಕಾರ್ಡ್ ಒಂದು ಕಂಪನಿ, ಮಾನಿಟರ್ ಇನ್ನೊಂದು ಹೆಸರಿನದು ಅಂತ ಹೆದರುವ ಅಗತ್ಯ ಕಡಿಮೆ.

ವಿಆರ್‌ಆರ್ ಆನ್ ಮಾಡಿದ್ದೇನೆ. ಇನ್ನೇನಾದರೂ ಹೊಂದಿಸಬೇಕೇ?

ಹೌದು, ಇಲ್ಲೇ ತುಂಬಾ ಜನ ಅರ್ಧಕ್ಕೆ ಬಿಡುತ್ತಾರೆ. ಮೂರು ಕಡೆ ನೋಡಬೇಕು. ಮಾನಿಟರಿನ ಸ್ವಂತ ಮೆನುವಿನಲ್ಲಿ ಫ್ರೀಸಿಂಕ್ ಅಥವಾ ಅಡಾಪ್ಟಿವ್-ಸಿಂಕ್ ಆನ್ ಇರಬೇಕು. ಗ್ರಾಫಿಕ್ಸ್ ಡ್ರೈವರಿನಲ್ಲೂ ಆನ್ ಇರಬೇಕು. ಮೂರನೆಯದು ಫ್ರೇಮ್ ಮಿತಿ.

ವಿಆರ್‌ಆರ್ ಕೆಲಸ ಮಾಡುವುದು ಒಂದು ವ್ಯಾಪ್ತಿಯೊಳಗೆ ಮಾತ್ರ. ಉದಾಹರಣೆಗೆ 48ರಿಂದ 144. ಗೇಮ್ 144 ದಾಟಿದ ಕ್ಷಣ ವಿಆರ್‌ಆರ್ ಕೈಬಿಡುತ್ತದೆ. ಮತ್ತೆ ಹರಿದ ಚಿತ್ರ ಅಥವಾ ವಿ-ಸಿಂಕ್‌ನ ಭಾರ. ಆದ್ದರಿಂದ ಎಫ್‌ಪಿಎಸ್‌ಗೆ ಮಿತಿ ಹಾಕಿ, ಮೇಲಿನ ಅಂಚಿಗಿಂತ ಒಂದು ಮೂರಾದರೂ ಕೆಳಗೆ. 144ಕ್ಕೆ 141. ಎನ್‌ವಿಡಿಯಾ ಕಾರ್ಡಿನಲ್ಲಿ ನಾನು ಇಡುವ ಜೋಡಣೆ ಹೀಗೆ: ಜಿ-ಸಿಂಕ್ ಆನ್, ಡ್ರೈವರಿನಲ್ಲಿ ವಿ-ಸಿಂಕ್ ಆನ್, ಗೇಮ್ ಒಳಗೆ ವಿ-ಸಿಂಕ್ ಆಫ್, ಮಿತಿ 141. ಡ್ರೈವರಿನಲ್ಲಿ ವಿ-ಸಿಂಕ್ ಯಾಕೆ ಅಂದರೆ, ಮಿತಿಯೊಳಗೆ ಇರುವಾಗ ಅದು ಫ್ರೇಮ್‌ಗಳನ್ನು ಸರದಿಯಲ್ಲಿ ನಿಲ್ಲಿಸುವುದಿಲ್ಲ, ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಹರಿಯುವುದನ್ನು ಮಾತ್ರ ತಡೆಯುತ್ತದೆ. ತಡ ಕಡಿಮೆ ಮಾಡುವ ಎನ್‌ವಿಡಿಯಾದ ರಿಫ್ಲೆಕ್ಸ್ ಇರುವ ಗೇಮ್‌ಗಳಲ್ಲಿ ಇದೇ ಜೋಡಣೆ ಇದ್ದರೆ 144ರ ಮಾನಿಟರಿಗೆ ಸುಮಾರು 138ರ ಮಿತಿ ತಾನಾಗಿ ಬೀಳುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ.

ಕೆಳಗಿನ ಅಂಚಿಗೂ ಒಂದು ಉಪಾಯ ಇದೆ. ಗೇಮ್ 40ಕ್ಕೆ ಇಳಿದರೆ ಪ್ರತಿ ಫ್ರೇಮನ್ನೂ ಎರಡು ಸಲ ತೋರಿಸಿ ಮಾನಿಟರನ್ನು 80ರಲ್ಲಿ ಓಡಿಸುತ್ತಾರೆ. ಇದು ಸಾಧ್ಯವಾಗಬೇಕಾದರೆ ಮೇಲಿನ ಅಂಚು ಕೆಳಗಿನದಕ್ಕಿಂತ ಕನಿಷ್ಠ ಎರಡು ಪಟ್ಟು ಇರಬೇಕು. 48ರಿಂದ 75 ಮಾತ್ರ ಇರುವ ಮಾನಿಟರಿನಲ್ಲಿ ಈ ಅನುಕೂಲ ಸಿಗುವುದಿಲ್ಲ. ಕೊಳ್ಳುವಾಗ ಈ ವ್ಯಾಪ್ತಿ ಕೇಳಿ ತಿಳಿದುಕೊಳ್ಳಿ.

ನನ್ನ ಕಾರ್ಡ್ ಹಳೆಯದು, 60 ಹಿಡಿಯಲು ಆಗುವುದಿಲ್ಲ. 30ಕ್ಕೇ ಇಳಿಯಬೇಕೇ?

120 ಹರ್ಟ್ಜ್ ಮಾನಿಟರ್ ಇದ್ದರೆ 40ಕ್ಕೆ ಮಿತಿ ಹಾಕಿ ನೋಡಿ. 30 ಎಫ್‌ಪಿಎಸ್ ಅಂದರೆ 33.3 ಮಿಲಿಸೆಕೆಂಡ್, 60 ಅಂದರೆ 16.7. ಇವೆರಡರ ಸರಿಯಾದ ನಡುವೆ ಇರುವುದು 25 ಮಿಲಿಸೆಕೆಂಡ್, ಅಂದರೆ 40 ಎಫ್‌ಪಿಎಸ್. ಸಂಖ್ಯೆಯಲ್ಲಿ 45 ನಡು ಅನಿಸಿದರೂ ಸಮಯದಲ್ಲಿ ನಡು 40. ಅದೂ ಅಲ್ಲದೆ 40 ಮೂರಲೇ 120, ತಾಳ ಕೂಡುತ್ತದೆ. ಪಿಎಸ್5ನ ಕೆಲವು ಗೇಮ್‌ಗಳು 120 ಹರ್ಟ್ಜ್ ಟಿವಿಗೆ ಅಂತಲೇ 40ರ ಮೋಡ್ ಕೊಟ್ಟಿರುವುದು ಇದಕ್ಕೇ. ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ನ ಎಲ್‌ಸಿಡಿ ಮಾದರಿಯಲ್ಲಿ ಸ್ಕ್ರೀನನ್ನೇ 40 ಹರ್ಟ್ಜ್‌ಗೆ ಇಳಿಸಬಹುದು. 43ಕ್ಕೂ 58ಕ್ಕೂ ನಡುವೆ ಓಲಾಡುವ ಗೇಮಿಗಿಂತ ಅಲ್ಲಾಡದೆ ನಿಂತ 40 ಎಷ್ಟೋ ವಾಸಿ.

ಎಫ್‌ಪಿಎಸ್ 130 ತೋರಿಸುತ್ತದೆ. ಆದರೂ ಆಗಾಗ ಸಿಕ್ಕಿಹಾಕಿಕೊಳ್ಳುತ್ತದೆ. ಯಾಕೆ?

130 ಅನ್ನುವುದು ಸರಾಸರಿ. ಒಂದು ಸೆಕೆಂಡಿನಲ್ಲಿ ಒಂದೇ ಒಂದು ಫ್ರೇಮ್ 80 ಮಿಲಿಸೆಕೆಂಡ್ ತೆಗೆದುಕೊಂಡು ಉಳಿದವೆಲ್ಲ 7ರಲ್ಲಿ ಬಂದರೂ ಸರಾಸರಿ 130ರ ಹತ್ತಿರವೇ ಇರುತ್ತದೆ. ಕಣ್ಣಿಗೆ ಮಾತ್ರ ಆ 80ರದ್ದೇ ಚುಚ್ಚುತ್ತದೆ. ರಿವಾಟ್ಯೂನರ್ ಸ್ಟ್ಯಾಟಿಸ್ಟಿಕ್ಸ್ ಸರ್ವರ್ ಅನ್ನುವ ಪ್ರೋಗ್ರಾಮ್ ಹಾಕಿಕೊಂಡು, ಪ್ರತಿ ಫ್ರೇಮ್ ತೆಗೆದುಕೊಂಡ ಸಮಯ ತೋರಿಸುವ ಫ್ರೇಮ್ ಟೈಮ್ ಗ್ರಾಫ್ ತೆರೆಯಿರಿ. ಗೆರೆ ಸಪಾಟಾಗಿ ಇರಬೇಕು. ಮುಳ್ಳಿನ ಹಾಗೆ ಮೇಲೆದ್ದ ಜಾಗವೇ ನೀವು ಅನುಭವಿಸಿದ ತಡೆ.

ಹೊಸ ಜಾಗಕ್ಕೆ ಕಾಲಿಟ್ಟಾಗ ಅಥವಾ ಮೊದಲ ಸಲ ಸ್ಫೋಟ ಕಂಡಾಗ ಮಾತ್ರ ತಡೆದರೆ ಅದು ಸಾಮಾನ್ಯವಾಗಿ ಶೇಡರ್, ಅಂದರೆ ಬೆಳಕು ಬಣ್ಣ ಮೂಡಿಸುವ ಸಣ್ಣ ಪ್ರೋಗ್ರಾಮುಗಳನ್ನು ಸಿದ್ಧಪಡಿಸುವ ಕೆಲಸ. ಗ್ರಾಫಿಕ್ಸ್ ಮೆಮೊರಿ ತುಂಬಿದರೂ ಹೀಗಾಗುತ್ತದೆ, ಟೆಕ್ಸ್‌ಚರ್ ಗುಣಮಟ್ಟ ಇಳಿಸಿ ನೋಡಿ. ಮಾನಿಟರಿನ ಯಾವ ಸೆಟ್ಟಿಂಗೂ ಇವನ್ನು ಗುಣಪಡಿಸುವುದಿಲ್ಲ, ವಿಆರ್‌ಆರ್ ಕೂಡ.

ವಿಆರ್‌ಆರ್ ಹಾಕಿದಾಗಿನಿಂದ ಕತ್ತಲೆಯ ದೃಶ್ಯಗಳಲ್ಲಿ ಸ್ಕ್ರೀನ್ ಮಿನುಗುತ್ತದೆ. ಹಾಳಾಗಿದೆಯೇ?

ಹಾಳಾಗಿಲ್ಲ. ಒಎಲ್‌ಇಡಿ ಮತ್ತು ವಿಎ (ಎಲ್‌ಸಿಡಿಯ ಒಂದು ಬಗೆ) ಪ್ಯಾನೆಲ್‌ಗಳಲ್ಲಿ ರಿಫ್ರೆಶ್ ರೇಟ್ ಬದಲಾದಾಗ ಗಾಢ ಬೂದು ಬಣ್ಣದ ಹೊಳಪು ಕೂಡ ಒಂದಿಷ್ಟು ಬದಲಾಗುತ್ತದೆ. ಫ್ರೇಮ್ ರೇಟ್ ಜೋರಾಗಿ ಏರಿಳಿದರೆ ಅದು ಮಿನುಗಿನಂತೆ ಕಾಣುತ್ತದೆ. ಲೋಡಿಂಗ್ ಸ್ಕ್ರೀನಿನಲ್ಲಿ ಎಲ್ಲಕ್ಕಿಂತ ಜಾಸ್ತಿ. ಫ್ರೇಮ್ ಮಿತಿಯನ್ನು ಗೇಮ್ ಸದಾ ಮುಟ್ಟುವಷ್ಟು ಕೆಳಗೆ ಇಟ್ಟರೆ ಏರಿಳಿತವೇ ಇರುವುದಿಲ್ಲ, ಮಿನುಗೂ ಕಡಿಮೆಯಾಗುತ್ತದೆ. ಅದರಿಂದಲೂ ಹೋಗದಿದ್ದರೆ ಆ ಒಂದು ಗೇಮಿಗೆ ವಿಆರ್‌ಆರ್ ಆಫ್ ಮಾಡಿ.

ಓಡುವ ವಸ್ತುವಿನ ಹಿಂದೆ ನೆರಳು ಎಳೆದುಕೊಂಡು ಹೋದ ಹಾಗೆ ಕಾಣುತ್ತದೆ. ಹರ್ಟ್ಜ್ ಏರಿಸಿದರೆ ಹೋಗುತ್ತದೆಯೇ?

ಇಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. ಒಂದು, ಪಿಕ್ಸೆಲ್ ಬಣ್ಣ ಬದಲಿಸಲು ತಡಮಾಡುವುದು. ಇದಕ್ಕೆ ಮಾನಿಟರ್ ಮೆನುವಿನಲ್ಲಿ ಓವರ್‌ಡ್ರೈವ್ ಅಥವಾ ರೆಸ್ಪಾನ್ಸ್ ಟೈಮ್ ಅನ್ನುವ ಆಯ್ಕೆ ಇರುತ್ತದೆ. ಎಲ್ಲಕ್ಕಿಂತ ಮೇಲಿನದನ್ನು ಹಾಕಬೇಡಿ. ಪಿಕ್ಸೆಲ್ ಗುರಿ ದಾಟಿ ಹೋಗಿ, ವಸ್ತುವಿನ ಹಿಂದೆ ಬೆಳ್ಳನೆಯ ಅಂಚು ಬರುತ್ತದೆ. ನಡುವಿನ ಆಯ್ಕೆ ಸಾಮಾನ್ಯವಾಗಿ ಸರಿ. 144ರಲ್ಲಿ ಹೊಂದಿದ ಓವರ್‌ಡ್ರೈವ್ 60ರಲ್ಲಿ ಅತಿಯಾಗಬಹುದು ಅನ್ನುವುದೂ ನೆನಪಿರಲಿ.

ಇನ್ನೊಂದು ಮಸುಕು ಹುಟ್ಟುವುದು ನಮ್ಮ ಕಣ್ಣಿನಿಂದಲೇ. ಸೆಕೆಂಡಿಗೆ 960 ಪಿಕ್ಸೆಲ್ ಓಡುವ ವಸ್ತುವನ್ನು ಕಣ್ಣು ಒಂದೇ ಸಮನೆ ಹಿಂಬಾಲಿಸುತ್ತದೆ. ಆದರೆ 60 ಹರ್ಟ್ಜ್‌ನಲ್ಲಿ ಚಿತ್ರ 16.67 ಮಿಲಿಸೆಕೆಂಡ್ ಒಂದೇ ಕಡೆ ನಿಂತಿರುತ್ತದೆ. ಅಷ್ಟರಲ್ಲಿ ಕಣ್ಣು 16 ಪಿಕ್ಸೆಲ್ ಮುಂದೆ ಹೋಗಿರುತ್ತದೆ. ಅಷ್ಟೂ ಮಸುಕು. 120ರಲ್ಲಿ 8 ಪಿಕ್ಸೆಲ್, 240ರಲ್ಲಿ 4. ಎಫ್‌ಪಿಎಸ್ ಕೂಡ ಜತೆಗೆ ಏರಿದರೆ ಈ ಮಸುಕು ನಿಜಕ್ಕೂ ಕಡಿಮೆಯಾಗುತ್ತದೆ. ಮನುಷ್ಯನ ಕಣ್ಣಿಗೆ 60ಕ್ಕಿಂತ ಜಾಸ್ತಿ ಕಾಣುವುದೇ ಇಲ್ಲ ಅನ್ನುವವರಿಗೆ ನಾನು ಹೇಳುವುದೂ ಇದನ್ನೇ. ಓಡುವ ಫಲಕದ ಮೇಲಿನ ಅಕ್ಷರ 60ರಲ್ಲಿ ಓದಲು ಬರುವುದಿಲ್ಲ, 240ರಲ್ಲಿ ಬರುತ್ತದೆ. ಕೂತು ನೋಡಿದರೆ ಸಾಕು.

ಕೆಲವು ಮಾನಿಟರ್‌ಗಳು ಪ್ರತಿ ಫ್ರೇಮಿನ ನಡುವೆ ಬ್ಯಾಕ್‌ಲೈಟ್ ಆರಿಸಿ ಈ ಮಸುಕನ್ನು ಕತ್ತರಿಸುತ್ತವೆ. ಚಿತ್ರ ಬೆರಗಾಗುವಷ್ಟು ಸ್ಪಷ್ಟವಾಗುತ್ತದೆ. ಆದರೆ ಹೊಳಪು ಇಳಿಯುತ್ತದೆ, ಎಫ್‌ಪಿಎಸ್ ಹರ್ಟ್ಜ್‌ಗೆ ಸರಿಸಮ ಇರಲೇಬೇಕು, ಮತ್ತು ಹೆಚ್ಚಿನ ಮಾನಿಟರ್‌ಗಳಲ್ಲಿ ವಿಆರ್‌ಆರ್ ಜತೆ ಇದು ನಡೆಯುವುದಿಲ್ಲ. ತಲೆನೋವು ಬರುವವರು ದೂರ ಇರುವುದು ಒಳ್ಳೆಯದು.

ಹರ್ಟ್ಜ್ ಏರಿಸಿದ ಮೇಲೆ ಅಕ್ಷರಗಳ ಅಂಚಿನಲ್ಲಿ ಬಣ್ಣ ಹರಡಿದ ಹಾಗಿದೆ. ಏನಾಯಿತು?

ತಂತಿಯಲ್ಲಿ ಜಾಗ ಸಾಲದೆ ಬಣ್ಣದ ವಿವರ ಕಡಿತಗೊಂಡಿದೆ. ಡ್ರೈವರಿನಲ್ಲಿ ಕಲರ್ ಫಾರ್ಮ್ಯಾಟ್ 4:2:2 ಅಥವಾ 4:2:0 ಅಂತ ಇದೆಯಾ ನೋಡಿ. ಅದನ್ನು ಬಣ್ಣದ ವಿವರ ಕಡಿಯದ ಆರ್‌ಜಿಬಿ ಮಾಡಿ. ಆಗ ಆ ಹರ್ಟ್ಜ್ ಸಿಗದಿದ್ದರೆ ಒಂದು ಮೆಟ್ಟಿಲು ಇಳಿಯಿರಿ, ಅಥವಾ ಬಣ್ಣದ ಆಳ 10 ಬಿಟ್ ಇದ್ದದ್ದನ್ನು 8 ಬಿಟ್ ಮಾಡಿ. ಓದು ಬರಹ ಮಾಡುವ ಸ್ಕ್ರೀನಿಗೆ 120ರ ಆರ್‌ಜಿಬಿಯೇ 144ರ 4:2:2ಗಿಂತ ಮೇಲು.

ಲ್ಯಾಪ್‌ಟಾಪಿನಲ್ಲಿ ಸದಾ 144ರಲ್ಲೇ ಇಡಬಹುದೇ?

ಚಾರ್ಜರ್ ಹಾಕಿದ್ದಾಗ ಇಡಿ. ಬ್ಯಾಟರಿಯಲ್ಲಿ 60ಕ್ಕೆ ಇಳಿಸಿದರೆ ಹೆಚ್ಚು ಹೊತ್ತು ಬರುತ್ತದೆ. ವಿಂಡೋಸ್ 11ರ ಡೈನಾಮಿಕ್ ರಿಫ್ರೆಶ್ ರೇಟ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಸಿಗುವುದಾದರೆ ಅದು ಸ್ಕ್ರೋಲ್ ಮಾಡುವಾಗ ಏರಿಸಿ, ಸುಮ್ನೆ ಇದ್ದಾಗ ಇಳಿಸುತ್ತದೆ.

60ರ ಮಾನಿಟರನ್ನು 75ಕ್ಕೆ ಏರಿಸಬಹುದಂತೆ. ಅಪಾಯ ಇಲ್ಲವೇ?

ಓವರ್‌ಕ್ಲಾಕ್ ಅಂತಾರೆ. ಡ್ರೈವರಿನ ಕಸ್ಟಮ್ ರೆಸಲ್ಯೂಶನ್ ಭಾಗದಲ್ಲಿ ಅಥವಾ ಕಸ್ಟಮ್ ರೆಸಲ್ಯೂಶನ್ ಯುಟಿಲಿಟಿ ಅನ್ನುವ ಸಣ್ಣ ಪ್ರೋಗ್ರಾಮಿನಲ್ಲಿ ಮಾಡಬಹುದು. ತಯಾರಕರು ಹೇಳಿದ್ದನ್ನು ಮೀರಿದರೆ ವಾರಂಟಿಗೆ ತೊಂದರೆ ಬರಬಹುದು, ಅದನ್ನು ತಿಳಿದೇ ಕೈ ಹಾಕಿ. ಐದೈದಾಗಿ ಏರಿಸಿ. ಪ್ರತಿ ಮೆಟ್ಟಿಲಲ್ಲೂ ಅರ್ಧ ಗಂಟೆ ನೋಡಿ.

ಚಿತ್ರ ಬಂತು ಅಂದ ಮಾತ್ರಕ್ಕೆ ಗೆದ್ದ ಹಾಗಲ್ಲ. ಕೆಲವು ಮಾನಿಟರ್ 75 ಒಪ್ಪಿಕೊಂಡು ಒಳಗೊಳಗೇ ಫ್ರೇಮ್ ಬಿಟ್ಟುಬಿಡುತ್ತವೆ. ಟೆಸ್ಟ್‌ಯುಎಫ್‌ಒ ತಾಣದಲ್ಲಿ ಫ್ರೇಮ್ ಸ್ಕಿಪ್ಪಿಂಗ್ ಪರೀಕ್ಷೆ ಇದೆ. ಚೌಕಗಳು ಒಂದಾದ ಮೇಲೊಂದು ಬೆಳಗುತ್ತಾ ಹೋಗುತ್ತವೆ. ಫೋನಿನ ಕ್ಯಾಮೆರಾದಲ್ಲಿ ಶಟರ್ ನಿಧಾನ ಮಾಡಿ, ಸೆಕೆಂಡಿನ ಐದನೇ ಒಂದು ಭಾಗದಷ್ಟು, ಒಂದು ಫೋಟೊ ತೆಗೆಯಿರಿ. ಬೆಳಗಿದ ಚೌಕಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಬಂದರೆ ಏರಿಕೆ ನಿಜ. ನಡುವೆ ಖಾಲಿ ಚೌಕ ಕಂಡರೆ ಹಿಂದಕ್ಕೆ ಇಳಿಯಿರಿ. ಫ್ರೇಮ್ ಬಿಡುವ 75ಕ್ಕಿಂತ ಪ್ರಾಮಾಣಿಕ 60 ಎಷ್ಟೋ ನಯ.

ಹರ್ಟ್ಜ್ ಬದಲಿಸಿದೆ, ಸ್ಕ್ರೀನ್ ಪೂರ್ತಿ ಕಪ್ಪಾಗಿದೆ. ಈಗ?

ಏನೂ ಮುಟ್ಟದೆ 15 ಸೆಕೆಂಡ್ ಕಾಯಿರಿ. ನೀವು ಒಪ್ಪಿಗೆ ಕೊಡದಿದ್ದರೆ ವಿಂಡೋಸ್ ಹಳೆಯ ಸೆಟ್ಟಿಂಗ್‌ಗೆ ತಾನೇ ಮರಳುತ್ತದೆ. ಗಾಬರಿಯಲ್ಲಿ ಎಂಟರ್ ಒತ್ತಿದರೆ ಕಪ್ಪು ಪರದೆಯನ್ನೇ ಒಪ್ಪಿಕೊಂಡ ಹಾಗಾಗಬಹುದು. ಹಾಗಾಗಿಬಿಟ್ಟಿದ್ದರೆ ಕೇಬಲ್ಲನ್ನು ಬೇರೆ ಥರದ ಪೋರ್ಟಿಗೆ ಹಾಕಿ, ಅಥವಾ ಇನ್ನೊಂದು ಮಾನಿಟರ್ ಇಲ್ಲವೇ ಟಿವಿ ಜೋಡಿಸಿ. ಕಂಪ್ಯೂಟರ್ ಅದನ್ನು ಹೊಸ ಪರದೆ ಅಂದುಕೊಂಡು ಸುರಕ್ಷಿತ ವೇಗದಲ್ಲಿ ಚಿತ್ರ ಕೊಡುತ್ತದೆ. ಅಲ್ಲಿಂದ ಕಸ್ಟಮ್ ರೆಸಲ್ಯೂಶನ್ ಅಳಿಸಿ. ಅದೂ ಆಗದಿದ್ದರೆ ಸೇಫ್ ಮೋಡ್‌ಗೆ ಹೋಗಿ. ಕಸ್ಟಮ್ ರೆಸಲ್ಯೂಶನ್ ಯುಟಿಲಿಟಿ ಜತೆ ರೀಸೆಟ್-ಆಲ್ ಅನ್ನುವ ಫೈಲ್ ಬಂದಿರುತ್ತದೆ. ಅದನ್ನು ಓಡಿಸಿ ರೀಸ್ಟಾರ್ಟ್ ಮಾಡಿದರೆ ಮಾನಿಟರ್ ತನ್ನ ಮೊದಲಿನ ಪಟ್ಟಿಗೆ ಮರಳುತ್ತದೆ.